ಅಡ್ಮಿರಲ್ ಪಿಯೆಟ್‌ನ ಕೊರಳು

ಜಾರ್ಜ್ ಲ್ಯೂಕಸ್ 1977ರಲ್ಲಿ ಆರಂಭಿಸಿದ ‘ಸ್ಟಾರ್ ವಾರ್ಸ್’ ಚಲನಚಿತ್ರ ಸರಣಿಯ ಖಳನಾಯಕ ಡಾರ್ತ್ ವೇಡರ್‌ನ ಹೆಸರು ಆ ಚಿತ್ರಗಳನ್ನು ನೋಡದವರ ಕಿವಿಗೂ ಬಿದ್ದಿರುತ್ತದೆ. ಆದರೆ ಅವನಿಂದ ಎರಡು ಹೆಜ್ಜೆ ಹಿಂದೆ ಬೂದುಬಣ್ಣದ ಸಮವಸ್ತ್ರ ತೊಟ್ಟು ಸೆಟೆದು ನಿಲ್ಲುವ ಅಡ್ಮಿರಲ್ ಪಿಯೆಟ್‌ನ ಹೆಸರು ಚಿತ್ರ ನೋಡಿದವರಲ್ಲೂ ಹಲವರಿಗೆ ನೆನಪಿರುವುದಿಲ್ಲ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಮತ್ತು 1983ರ ‘ರಿಟರ್ನ್ ಆಫ್ ದ ಜೆಡೈ’ ಎಂಬ ಎರಡು ಚಿತ್ರಗಳಲ್ಲಿ ಈ ನೌಕಾಧಿಕಾರಿಗೆ ದೊರೆಯುವ ಅವಕಾಶ ಕೆಲವೇ ನಿಮಿಷಗಳದ್ದು, ಆಡುವ ಮಾತುಗಳಲ್ಲಿ ಬಹುಪಾಲು ವರದಿ ಒಪ್ಪಿಸುವ ಅಥವಾ ಅಪ್ಪಣೆಗೆ ತಲೆಬಾಗುವ ವಾಕ್ಯಗಳು. ಆದರೂ ಇಡೀ ನಕ್ಷತ್ರಪುಂಜವನ್ನು ಆಳುವ ಆ ಸರ್ವಾಧಿಕಾರಿ ಸಾಮ್ರಾಜ್ಯದ ಒಳಗೆ ಬದುಕುವುದೆಂದರೆ ಏನು ಎಂಬುದನ್ನು ವೇಡರ್‌ಗಿಂತ ಚೆನ್ನಾಗಿ ತಿಳಿಸುವವನು ಇವನೇ.

ಇದಕ್ಕೆ ಕಾರಣ ಚಿತ್ರದ ರಚನೆಯಲ್ಲೇ ಇದೆ. ಸಾಮ್ರಾಜ್ಯದ ಕಡೆಯವರಲ್ಲಿ ಹೆಚ್ಚಿನವರಿಗೆ ಕಾಣುವಂಥ ಮುಖವೇ ಇಲ್ಲ: ವೇಡರ್‌ನದು ಕಪ್ಪು ಶಿರಸ್ತ್ರಾಣ, ಅದರೊಳಗಿನ ದೇಹ ಡೇವಿಡ್ ಪ್ರೌಸ್ ಎಂಬ ನಟನದು, ಕೇಳಿಸುವ ಧ್ವನಿ ಜೇಮ್ಸ್ ಅರ್ಲ್ ಜೋನ್ಸ್ ಎಂಬ ಇನ್ನೊಬ್ಬ ನಟನದು, ಸ್ಟಾರ್ಮ್‌ಟ್ರೂಪರ್ ಎಂದು ಕರೆಯಲಾಗುವ ಕಾಲಾಳುಗಳದು ಒಂದೇ ಅಚ್ಚಿನ ಬಿಳಿಯ ಮುಖವಾಡ. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಭಯಾನಕ ರಸಕ್ಕೆ ಭಯವನ್ನು ಹುಟ್ಟಿಸುವ ಆಲಂಬನ ವಿಭಾವವೊಂದು ಎಷ್ಟು ಅಗತ್ಯವೋ, ಆ ಭಯ ಯಾರಲ್ಲಿ ಹುಟ್ಟುತ್ತದೆಯೋ ಆ ಆಶ್ರಯವೂ, ಹುಟ್ಟಿದ್ದನ್ನು ಹೊರಗೆ ತೋರಿಸುವ ಅನುಭಾವಗಳೂ ಅಷ್ಟೇ ಅಗತ್ಯ. ವೇಡರ್ ಆಲಂಬನವಾಗಬಲ್ಲನೇ ಹೊರತು ಲೋಹದ ಮುಖವಾಡದಿಂದ ಅನುಭಾವವನ್ನು ಹೊರಡಿಸಲಾರ. ವಿಚಿತ್ರವೆಂದರೆ ಕಥೆಯ ನಾಯಕರೂ ಈ ಕೆಲಸಕ್ಕೆ ಒದಗುವುದಿಲ್ಲ, ಏಕೆಂದರೆ ಲ್ಯೂಕ್ ಸ್ಕೈವಾಕರ್ ಅವನ ಮೇಲೆ ಕತ್ತಿ ಎತ್ತುತ್ತಾನೆ, ರಾಜಕುಮಾರಿ ಲೇಯಾ ಸಿಡುಕುತ್ತಾಳೆ, ಹಾನ್ ಸೋಲೊ ಅವನನ್ನು ಕಂಡೊಡನೆ ಗುಂಡು ಹಾರಿಸುತ್ತಾನೆ. ವೇಡರ್‌ಗೆ ದಿನವೂ, ಕಚೇರಿಯ ಹೊತ್ತಿನುದ್ದಕ್ಕೂ ಹೆದರುವವರು ಅವನ ಕೈಕೆಳಗಿನವರೇ, ಮತ್ತು ಅವರ ಪೈಕಿ ನೋಡುಗರು ಬಹುಕಾಲ ಹಿಂಬಾಲಿಸುವ ಮುಖ ಪಿಯೆಟ್‌ನದು.

‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಆರಂಭವಾದಾಗ ಅವನು ‘ಎಕ್ಸಿಕ್ಯೂಟರ್’ ಎಂಬ ಬೃಹತ್ ಯುದ್ಧನೌಕೆಯಲ್ಲಿ ಅಡ್ಮಿರಲ್ ಓಝೆಲ್‌ನ ಅಧೀನದಲ್ಲಿರುವ ಕ್ಯಾಪ್ಟನ್ ಮಾತ್ರ. ಬಂಡುಕೋರರ ನೆಲೆಯನ್ನು ಹುಡುಕಲು ಹಾರಿಬಿಟ್ಟ ಸಾವಿರಾರು ಶೋಧಯಂತ್ರಗಳಲ್ಲಿ ಒಂದು ಹೋತ್ ಎಂಬ ಹಿಮಗ್ರಹದಿಂದ ಕಳುಹಿಸಿದ ತುಣುಕು ಮಾಹಿತಿಯನ್ನು ಅವನು ಗಮನಕ್ಕೆ ತರುತ್ತಾನೆ. ಸುಳಿವು ಬೇಡ, ಪುರಾವೆ ತಾ ಎಂದು ಓಝೆಲ್ ಅದನ್ನು ತಳ್ಳಿಹಾಕುವಷ್ಟರಲ್ಲಿ ವೇಡರ್ ಅಲ್ಲಿಗೆ ಬಂದು ಕ್ಯಾಪ್ಟನ್ನನ ಮಾತೇ ಸರಿಯೆಂದು ತೀರ್ಮಾನಿಸುತ್ತಾನೆ. ಮೇಲಧಿಕಾರಿಯ ತಿರಸ್ಕಾರವೂ ಅವನಿಗೂ ಮೇಲಿನವನ ಮೆಚ್ಚುಗೆಯೂ ಒಟ್ಟಿಗೆ ಬಂದೆರಗಿದ ಆ ಗಳಿಗೆಯಲ್ಲಿ ಪಿಯೆಟ್‌ಗೆ ಸಂತೋಷವಾಗಿರುವುದಕ್ಕಿಂತ ಮುಜುಗರವಾಗಿರುವ ಸಾಧ್ಯತೆಯೇ ಹೆಚ್ಚು, ಮತ್ತು ಸರ್ಕಾರಿ ನೌಕರಿಯ ಒಳಗುಟ್ಟು ಬಲ್ಲ ಯಾವ ಓದುಗರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನಂತರದ ಬಡ್ತಿಯ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಓಝೆಲ್ ನೌಕಾಪಡೆಯನ್ನು ಹೋತ್‌ಗೆ ತೀರ ಹತ್ತಿರದಲ್ಲಿ ಬೆಳಕಿನ ವೇಗದಿಂದ ಹೊರತಂದು ಬಂಡುಕೋರರಿಗೆ ಎಚ್ಚರಿಕೆ ಸಿಗುವಂತೆ ಮಾಡಿರುತ್ತಾನೆ. ತನ್ನ ಕೋಣೆಯಲ್ಲೇ ಕುಳಿತ ವೇಡರ್, ‘ಫೋರ್ಸ್’ ಎಂದು ಆ ಕಥಾಲೋಕದಲ್ಲಿ ಕರೆಯಲಾಗುವ ಅಗೋಚರ ಶಕ್ತಿಯಿಂದ, ಪರದೆಯ ಆಚೆಗಿರುವ ಓಝೆಲ್‌ನ ಕತ್ತು ಹಿಸುಕತೊಡಗುತ್ತಾನೆ ಮತ್ತು ಅದೇ ಉಸಿರಿನಲ್ಲಿ ಪಿಯೆಟ್‌ನನ್ನು ಹೆಸರು ಹಿಡಿದು ಕರೆದು ಮುಂದಿನ ಆಜ್ಞೆಗಳನ್ನು ಕೊಡುತ್ತಾನೆ. ಪಕ್ಕದಲ್ಲಿ ಒಬ್ಬ ಉಸಿರುಗಟ್ಟಿ ಸಾಯುತ್ತಿರುವಾಗ ಪಿಯೆಟ್ ಒಂದು ಹೆಜ್ಜೆ ಮುಂದೆ ಬಂದು, ನೇರ ನೋಡುತ್ತ, ಆಜ್ಞೆಯನ್ನು ಕೇಳಿಸಿಕೊಳ್ಳುತ್ತಾನೆ; ದೇಹ ನೆಲಕ್ಕೆ ಬಿದ್ದ ಕೂಡಲೇ ತಾನು ಅಡ್ಮಿರಲ್ ಆಗಿರುವುದು ತಿಳಿಯುತ್ತದೆ; ಅವನು ಧನ್ಯವಾದ ಹೇಳುತ್ತಾನೆ. ನೇಮಕಾತಿ ಪತ್ರ, ಮರಣದಂಡನೆ, ಕೃತಜ್ಞತೆ, ಈ ಮೂರನ್ನೂ ಒಂದೇ ಚೌಕಟ್ಟಿನೊಳಗೆ ತುರುಕಿರುವ ನಿರ್ದೇಶಕ ಅರ್ವಿನ್ ಕರ್ಶ್ನರ್ ಇಲ್ಲಿ ಸರ್ವಾಧಿಕಾರದ ಆಡಳಿತಶಾಸ್ತ್ರವನ್ನೇ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ: ಖಾಲಿಯಾಗುವ ಹುದ್ದೆ ಹೇಗೆ ಖಾಲಿಯಾಯಿತೆಂಬುದನ್ನು ಅದನ್ನು ತುಂಬುವವನು ಕಣ್ಣಾರೆ ನೋಡಿರಬೇಕು.

ಆ ಪಾತ್ರವನ್ನು ಮಾಡಿದವರು ಕೆನೆತ್ ಕೊಲಿ (1937–2025), ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದ ಇಂಗ್ಲಿಷ್ ನಟ. ಹಿಟ್ಲರನನ್ನೂ ಹೆದರಿಸಬಲ್ಲಂಥ ಒಬ್ಬನನ್ನು ಕರ್ಶ್ನರ್ ಹುಡುಕುತ್ತಿದ್ದರೆಂದೂ ತನ್ನ ಮುಖ ಕಂಡು ಒಪ್ಪಿಕೊಂಡರೆಂದೂ ಕೊಲಿ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದರು. ಈ ಮಾತಿಗೊಂದು ತಮಾಷೆಯ ಬಾಲವಿದೆ: ಓಝೆಲ್ ಆಗಿ ನಟಿಸಿದ ಮೈಕೆಲ್ ಶೇರ್ಡ್ ಅದಾಗಲೇ 1976ರ ‘ರೋಗ್ ಮೇಲ್’ ಚಿತ್ರದಲ್ಲಿ ಹಿಟ್ಲರ್ ಆಗಿದ್ದವರು, ಮುಂದೆ 1989ರ ಇಂಡಿಯಾನಾ ಜೋನ್ಸ್ ಚಿತ್ರದಲ್ಲೂ ಹಿಟ್ಲರ್ ಆದವರು. ಕೊಲಿಯವರಾದರೋ 1979ರ ‘ಲೈಫ್ ಆಫ್ ಬ್ರಿಯಾನ್’ ಎಂಬ ವಿಡಂಬನ ಚಿತ್ರದಲ್ಲಿ ಬೆಟ್ಟದ ಮೇಲೆ ನಿಂತು ಉಪದೇಶಿಸುವ ಯೇಸುವಾಗಿ ಕಾಣಿಸಿಕೊಂಡು, 1982ರಲ್ಲಿ ಬ್ರಿಟಿಷ್ ದೂರದರ್ಶನ ಸರಣಿಯೊಂದರಲ್ಲಿ ನಿಜದ ಅಡ್ಮಿರಲ್ ನೆಲ್ಸನ್ ಪಾತ್ರವನ್ನೇ ವಹಿಸಿದ್ದರು. ಹಾಗಾಗಿ ನೌಕಾಧಿಪತಿಯ ನಿಲುವು ಅವರಿಗೆ ಬಾರದ ವಿದ್ಯೆಯೇನೂ ಆಗಿರಲಿಲ್ಲ.

ಉಡುಪಿನ ಪಾಲೂ ಕಡಿಮೆಯದಲ್ಲ. ಸರಣಿಯ ಮೊದಲ ಎರಡು ಚಿತ್ರಗಳ ವಸ್ತ್ರವಿನ್ಯಾಸಕ ಜಾನ್ ಮೊಲೊ ಮೂಲತಃ ಸೈನಿಕ ಸಮವಸ್ತ್ರಗಳ ಇತಿಹಾಸ ಬರೆದ ವಿದ್ವಾಂಸ; ಜರ್ಮನ್ ಸೇನೆಯ ಹಳೆಯ ಉಡುಪುಗಳ ಕತ್ತರಿಕೆಯನ್ನು ನೆನಪಿಸುವ, ಪದಕಗಳಿಲ್ಲದ, ಎದೆಯ ಮೇಲೆ ದರ್ಜೆಯನ್ನು ಸೂಚಿಸುವ ಬಣ್ಣದ ಸಣ್ಣ ಚೌಕಗಳಷ್ಟೇ ಇರುವ ಸಮವಸ್ತ್ರವನ್ನು ಅವರು ಈ ಅಧಿಕಾರಿಗಳಿಗೆ ತೊಡಿಸಿದರು. (ಇದೇ ಮೊಲೊ ‘ಗಾಂಧಿ’ ಚಿತ್ರಕ್ಕಾಗಿ ಭಾನು ಅಥಯ್ಯ ಅವರೊಂದಿಗೆ ಆಸ್ಕರ್ ಹಂಚಿಕೊಂಡವರು, ಭಾರತೀಯರೊಬ್ಬರಿಗೆ ಸಂದ ಮೊದಲ ಆಸ್ಕರ್ ಅದು.) ಗಂಟಲಿನವರೆಗೆ ಬಿಗಿದು ನಿಲ್ಲುವ ಆ ಕಾಲರು, ಕತ್ತು ಹಿಸುಕುವುದೇ ಮೇಲಧಿಕಾರಿಯ ಶಿಸ್ತುಕ್ರಮವಾಗಿರುವ ಸೇನೆಯಲ್ಲಿ ಎಷ್ಟು ಒಪ್ಪುತ್ತದೆಂದರೆ, ವಿನ್ಯಾಸಕರ ಉದ್ದೇಶ ಅದಾಗಿರದಿದ್ದರೂ ನೋಡುಗರಿಗೆ ಹಾಗೆ ತೋರದೆ ಇರುವುದಿಲ್ಲ.

ಬಡ್ತಿಯ ಅನಂತರ ಚಿತ್ರವು ಪಿಯೆಟ್‌ನ ಪ್ರಾಣವನ್ನು ಒಂದು ಲೆಕ್ಕದಂತೆ ನಡೆಸಿಕೊಂಡು ಹೋಗುತ್ತದೆ. ವೇಡರ್‌ನ ಖಾಸಗಿ ಕೋಣೆಗೆ ವರದಿ ಒಪ್ಪಿಸಲು ಹೋದಾಗ, ಶಿರಸ್ತ್ರಾಣ ಇನ್ನೂ ಇಳಿಯುತ್ತಿರುವ ಹೊತ್ತಿನಲ್ಲಿ, ಗಾಯದ ಕಲೆಗಳಿಂದ ತುಂಬಿದ ಬೋಳು ತಲೆಯ ಹಿಂಭಾಗ ಅವನ ಕಣ್ಣಿಗೆ ಕ್ಷಣಮಾತ್ರ ಬೀಳುತ್ತದೆ. ಒಡೆಯನ ಮುಖವಾಡದ ಹಿಂದೆ ಒಂದು ಜಖಂಗೊಂಡ ಶರೀರವಿದೆಯೆಂಬ ಸಂಗತಿ ನೋಡುಗರಿಗೆ ಮೊದಲು ಗೊತ್ತಾಗುವುದು ಅವನ ಜೊತೆಯಲ್ಲೇ. ಹಾನ್ ಸೋಲೊನ ಮಿಲೇನಿಯಂ ಫಾಲ್ಕನ್ ನೌಕೆ ಕ್ಷುದ್ರಗ್ರಹಗಳ ನಡುವೆ ನುಗ್ಗಿರುವುದರಿಂದ ಬೆನ್ನಟ್ಟುವುದು ಅಪಾಯವೆಂದು ಅವನು ಹೇಳಹೊರಟರೆ, ನೆಪ ಬೇಡ, ನೌಕೆ ಬೇಕು ಎಂಬ ಉತ್ತರ ಬರುತ್ತದೆ. ಅದೇ ನೌಕೆಯನ್ನು ಕಳೆದುಕೊಂಡ ಕ್ಯಾಪ್ಟನ್ ನೀಡಾ ತಾನೇ ಹೋಗಿ ಕ್ಷಮೆ ಕೇಳಿ, ಹೆಣವಾಗಿ ನೆಲಕ್ಕುರುಳುತ್ತಾನೆ.

ಇಷ್ಟೆಲ್ಲ ಕಟ್ಟಿದ್ದು ಕೊನೆಯ ದೃಶ್ಯಕ್ಕಾಗಿ. ಫಾಲ್ಕನ್‌ನ ಅತಿವೇಗದ ಯಂತ್ರವನ್ನು ನಿಷ್ಕ್ರಿಯಗೊಳಿಸಲಾಗಿದೆ ಎಂದು ಪಿಯೆಟ್ ಭರವಸೆ ಕೊಟ್ಟಿರುತ್ತಾನೆ; ಆರ್‌2-ಡಿ2 ಎಂಬ ಪುಟ್ಟ ಯಂತ್ರಮಾನವ ಅದನ್ನು ಸರಿಪಡಿಸಿಬಿಡುವುದರಿಂದ ನೌಕೆ ಕಣ್ಣೆದುರೇ ಮಾಯವಾಗುತ್ತದೆ. ಪಿಯೆಟ್‌ನ ಕಣ್ಣು ವೇಡರ್‌ನತ್ತ ಹೊರಳುತ್ತದೆ. ಸಾತ್ತ್ವಿಕ ಭಾವಗಳೆಂದು ಲಾಕ್ಷಣಿಕರು ಕರೆದ, ಅಂದರೆ ಇಚ್ಛೆಯ ಹತೋಟಿಗೆ ಸಿಗದೆ ಶರೀರದಲ್ಲಿ ಮೂಡುವ ಎಂಟು ವಿಕಾರಗಳಲ್ಲಿ, ಮೈ ಮರಗಟ್ಟುವ ಸ್ತಂಭವನ್ನೂ ಬಣ್ಣಗೆಡುವ ವೈವರ್ಣ್ಯವನ್ನೂ ಇಲ್ಲಿ ಕೊಲಿ ಒಂದು ಮಾತಿನ ನೆರವೂ ಇಲ್ಲದೆ ತೋರಿಸುತ್ತಾರೆ. ಓಝೆಲ್‌ನನ್ನೂ ನೀಡಾನನ್ನೂ ಕಂಡಿರುವ ನೋಡುಗರು ಮುಂದಿನದನ್ನು ಊಹಿಸಿಕೊಂಡಿರುತ್ತಾರೆ. ಆದರೆ ವೇಡರ್ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡು ಒಂದು ಮಾತನ್ನೂ ಆಡದೆ ಹೊರಟುಹೋಗುತ್ತಾನೆ. ತಾನು ತಂದೆಯೆಂದು ಹೇಳಿಕೊಂಡರೂ ಮಗ ಲ್ಯೂಕ್ ತನ್ನನ್ನು ನಿರಾಕರಿಸಿ ಪ್ರಪಾತಕ್ಕೆ ಬಿದ್ದದ್ದು ಅವನನ್ನು ಒಳಗೆಲ್ಲೋ ಅಲುಗಿಸಿದೆ ಎಂಬುದನ್ನು ತಿಳಿಸಲು ಚಿತ್ರಕ್ಕೆ ಬೇರೆ ಉಪಾಯವಿರಲಿಲ್ಲ. ಮುಖವಿಲ್ಲದವನ ಮನಃಪರಿವರ್ತನೆಯ ಮೊದಲ ಸುಳಿವು ಒಬ್ಬ ಅಧಿಕಾರಿಯ ಕೊರಳು ಉಳಿದುಕೊಂಡದ್ದರಲ್ಲಿದೆ. ಪಿಯೆಟ್‌ಗೆ ತಾನೇಕೆ ಬದುಕಿದೆನೆಂಬುದು ಎಂದೂ ತಿಳಿಯುವುದಿಲ್ಲ.

ರಿಚರ್ಡ್ ಮಾರ್ಕ್ವಾಂಡ್ ನಿರ್ದೇಶಿಸಿದ ಮೂರನೆಯ ಚಿತ್ರದಲ್ಲಿ ಈ ಪಾತ್ರ ಅದೇ ನಟನೊಡನೆ ಮರಳಿತು. ಅಭಿಮಾನಿಗಳ ಪತ್ರಗಳೇ ಇದಕ್ಕೆ ಕಾರಣವೆಂದು ಹೇಳಲಾಗುತ್ತದೆ. ನಿಜಕ್ಕೂ ಅಲ್ಲಿ ಅವನಿಗೆ ಕೊಟ್ಟಿರುವ ಕೆಲಸ ಕಡಿಮೆ, ಮತ್ತು ಹಿಂದಿನ ಚಿತ್ರದ ಬಿಗಿ ಅಲ್ಲಿಲ್ಲ. ಆದರೂ ಎರಡು ಸಂಗತಿಗಳು ಗಮನಾರ್ಹ: ಬಂಡುಕೋರರು ಅಡಗಿರುವ ಕದ್ದ ನೌಕೆಯ ಸಂಕೇತಾಕ್ಷರ ಹಳೆಯದಾದರೂ ಸರಿಯಿದೆಯೆಂದು ಅವನು ನಿಯಮದಂತೆ ಒಪ್ಪಿಗೆ ಕೊಡಹೊರಡುತ್ತಾನೆ, ತಡೆಯಲೇ ಎಂದು ಕೇಳಿದಾಗ ಬೇಡವೆನ್ನುವವನು ವೇಡರ್; ಎಂಡೋರ್ ಯುದ್ಧದಲ್ಲಿ ಶತ್ರು ಎದುರಿಗೇ ಇರುವಾಗಲೂ ದಾಳಿ ಮಾಡದಿರುವುದೇಕೆಂದು ಕಿರಿಯ ಅಧಿಕಾರಿಯೊಬ್ಬ ಅಚ್ಚರಿಪಟ್ಟರೆ, ಇದು ಚಕ್ರವರ್ತಿಯ ಖುದ್ದು ಆಜ್ಞೆಯೆಂದು ಹೇಳಿ ಅವನು ಸುಮ್ಮನಾಗುತ್ತಾನೆ. ಎರಡು ಸಲವೂ ಅವನು ಮಾಡಿದ್ದು ಹೇಳಿದಷ್ಟನ್ನೇ. ಕಡೆಗೆ ರಕ್ಷಾಕವಚ ಕಳೆದುಕೊಂಡ ನೌಕೆಯ ಮೇಲಂತಸ್ತಿಗೆ ಹಾನಿಗೊಂಡ ಸಣ್ಣ ಯುದ್ಧವಿಮಾನವೊಂದು ಬಂದಪ್ಪಳಿಸುತ್ತದೆ, ಹತೋಟಿ ತಪ್ಪಿದ ‘ಎಕ್ಸಿಕ್ಯೂಟರ್’ ಡೆತ್ ಸ್ಟಾರ್ ಎಂಬ ಸಾಮ್ರಾಜ್ಯದ ಬೃಹತ್ ಯುದ್ಧನೆಲೆಯ ಮೇಲೆ ಬಿದ್ದು ಸಿಡಿಯುತ್ತದೆ. ಒಡೆಯನ ಕೈಯಿಂದ ಬರಬೇಕಿದ್ದ ಸಾವು ಗುರುತುಪರಿಚಯವಿಲ್ಲದ ಶತ್ರುವೊಬ್ಬನಿಂದ ಬರುತ್ತದೆ.

ಚಿತ್ರಗಳಲ್ಲೆಲ್ಲೂ ಇಲ್ಲದ ‘ಫರ್ಮಸ್’ ಎಂಬ ಮೊದಲ ಹೆಸರನ್ನೂ ರಾಜಧಾನಿಯಿಂದ ಬಹುದೂರದ ಹುಟ್ಟೂರನ್ನೂ ಮುಂದೆ ಬಂದ ಪೂರಕ ಸಾಹಿತ್ಯ ಅವನಿಗೆ ಒದಗಿಸಿತು. 2022ರಲ್ಲಿ ಆರಂಭವಾದ ‘ಆಂಡೊರ್’ ಸರಣಿಯಂತೂ ಸಾಮ್ರಾಜ್ಯದ ಕೆಳದರ್ಜೆಯ ನೌಕರರ ಮನೆ, ಊಟದ ಮೇಜು, ತಾಯಿಯ ಗೊಣಗಾಟಗಳವರೆಗೂ ಹೋಗಿ, ಬಡ್ತಿಯ ಆಸೆ ಕ್ರೌರ್ಯಕ್ಕೆ ಹೇಗೆ ಮೆಟ್ಟಿಲಾಗುತ್ತದೆಂಬುದನ್ನು ಸವಿಸ್ತಾರವಾಗಿ ನಿರೂಪಿಸಿದೆ. ಕೊಲಿಯವರಿಗೆ ಇದಾವುದರ ಆಸರೆಯೂ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಬಿಗಿಯಾದ ಒಂದು ಸಮವಸ್ತ್ರ ಮತ್ತು ಒಡೆಯನ ಹೆಜ್ಜೆಸಪ್ಪಳವನ್ನು ಆಲಿಸುವ ಎರಡು ಕಣ್ಣುಗಳು. 2012ರ ಲೆಗೊ ಅನಿಮೇಷನ್ ಚಿತ್ರವೊಂದರಲ್ಲಿ ಪ್ಲಾಸ್ಟಿಕ್ ಗೊಂಬೆಯಾದ ಪಿಯೆಟ್‌ಗೂ ಅವರೇ ಧ್ವನಿ ಕೊಟ್ಟರು.