ವಾಸ್ತುಶಿಲ್ಪಿಯ ವೃತ್ತಿ ಯಾರಿಗೆ ತಕ್ಕುದು?

ಮನೆಯಲ್ಲಿ ಚೆನ್ನಾಗಿ ಚಿತ್ರ ಬರೆಯುವ ಹುಡುಗನೋ ಹುಡುಗಿಯೋ ಇದ್ದು, ಗಣಿತದಲ್ಲಿಯೂ ತಕ್ಕಮಟ್ಟಿಗೆ ಅಂಕಗಳು ಬಂದರೆ, ವಾಸ್ತುಶಿಲ್ಪವನ್ನು ಓದಿಸಿರೆಂದು ಬಂಧುಮಿತ್ರರು ಸಲಹೆಯಿತ್ತುಬಿಡುವುದುಂಟು. ಸಲಹೆ ಸುಲಭ, ಐದು ವರ್ಷಗಳ ವ್ಯಾಸಂಗವೂ ತಂದೆತಾಯಿಗಳ ಹಣವೂ ಅಷ್ಟು ಅಗ್ಗವಲ್ಲ. ಪ್ರವೇಶಪರೀಕ್ಷೆಯಲ್ಲಿ ಚಿತ್ರರಚನೆಗೆ ಸ್ಥಾನವಿರುವುದೇನೋ ನಿಜ. ಆದರೆ ಆ ಕೌಶಲವೊಂದೇ ಈ ವೃತ್ತಿಗೆ ಸಾಕೆ?

ಸಾಲದೆಂದೇ ನಮ್ಮ ಅಭಿಪ್ರಾಯ. ಚಿತ್ರಕಾರನ ಕೃತಿ ಅವನ ಕೈಯಿಂದಲೇ ಮುಗಿಯುತ್ತದೆ. ವಾಸ್ತುಶಿಲ್ಪಿ ಬರೆಯುವುದು ಬರಿಯ ನಕ್ಷೆ. ಕಟ್ಟುವವರು ಗಾರೆಯವರು, ಬಡಗಿಗಳು. ಹಣ ಕೊಡುವವರು ಮತ್ತೊಬ್ಬರು. ವಾಸಿಸುವವರು ಎಷ್ಟೋ ವೇಳೆ ಇನ್ನೂ ಬೇರೆ. ಇಷ್ಟು ಜನರ ನಡುವೆ ತನ್ನ ಕಲ್ಪನೆ ಕೆಡದಂತೆ ಕಾಯುವ ತಾಳ್ಮೆ ಬೇಕು. 1897ರಲ್ಲಿ ಮೈಸೂರಿನ ಹಳೆಯ ಅರಮನೆ ಬೆಂಕಿಗೆ ತುತ್ತಾದ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ ಪೂರ್ಣವಾದದ್ದು 1912ರಲ್ಲಿ. ಅರಸರ ಬೊಕ್ಕಸವೇ ಬೆನ್ನಿಗಿದ್ದ ಕೆಲಸದ ಮಾತಿದು!

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಕಟ್ಟಡಗಳನ್ನು ಬಾಲಕೃಷ್ಣ ದೋಶಿಯವರು ರಚಿಸಿದರು. ಬೂದುಬಣ್ಣದ ಕಲ್ಲಿನ ಗೋಡೆಗಳು, ಎತ್ತರವಾದ ನೀಳ ಓಣಿಗಳು, ಅಲ್ಲಲ್ಲಿ ಆಕಾಶಕ್ಕೆ ತೆರೆದ ಮಾಡು. ಅಲ್ಲಿ ಕಣ್ಸೆಳೆಯುವ ಮುಂಭಾಗವೆಂಬುದು ಮುಖ್ಯವಲ್ಲ. ನಡೆಯುವವರ ಮೇಲೆ ಬೀಳುವ ನೆರಳುಬೆಳಕೇ ಮುಖ್ಯ. ಪ್ರಿಟ್ಸ್‌ಕರ್ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರು ಇವರು. ಆ ಗೌರವ ಬಂದದ್ದು 2018ರಲ್ಲಿ, ಅವರ ತೊಂಬತ್ತನೆಯ ವಯಸ್ಸಿನಲ್ಲಿ. ಬೇಗನೆ ಹೆಸರು ಬರಲೆಂದು ಬಯಸುವವರು ಇದನ್ನು ಗಮನಿಸಬಹುದು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು. ತರುಣನು ಅಳತೆಯ ಪಟ್ಟಿಯನ್ನು ಹಿಡಿದು ತಾನಿರುವ ಮನೆಯನ್ನು ಅಳೆದು, ಒಂದಕ್ಕೆ ಐವತ್ತರ ಪ್ರಮಾಣದಲ್ಲಿ ನಕ್ಷೆ ಬರೆಯಲಿ. ಮೆಟ್ಟಿಲಿನ ಎತ್ತರವೆಷ್ಟು, ಅಡುಗೆಮನೆಯ ಹೊಗೆ ಎತ್ತ ಹೋಗುತ್ತದೆ, ಮಧ್ಯಾಹ್ನ ಮೂರರ ಬಿಸಿಲು ಯಾವ ಕೋಣೆಗೆ ಬೀಳುತ್ತದೆ, ಬಚ್ಚಲ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನೆಲ್ಲ ಗುರುತಿಸಲಿ. ಗೋಡೆಯ ದಪ್ಪವನ್ನು ಮರೆತಿದ್ದರೆ ಕೋಣೆಗಳು ಕಾಗದದ ಮೇಲೆ ಒಂದಕ್ಕೊಂದು ಹೊಂದುವುದಿಲ್ಲ, ಮರಳಿ ಅಳೆಯಬೇಕು. ಅನಂತರ, ಒಂದು ಗೋಡೆಯನ್ನೂ ಕೆಡವದೆ, ಮೊಣಕಾಲುನೋವಿನ ಅಜ್ಜಿಗೆ ಬಚ್ಚಲು ಹತ್ತಿರವಾಗುವಂತೆ ಅದೇ ಮನೆಯನ್ನು ಬದಲಾಯಿಸಿ ತೋರಿಸಲಿ. ಇಂಥ ಕಟ್ಟುಪಾಡು ಬಿದ್ದೊಡನೆ ಕೆಲವರ ಉತ್ಸಾಹ ಕುಗ್ಗುತ್ತದೆ. ಕೆಲವರದು ಅಲ್ಲಿಂದಲೇ ಆರಂಭವಾಗುತ್ತದೆ. ಎರಡನೆಯವರನ್ನು ಧೈರ್ಯವಾಗಿ ಕಳುಹಿಸಬಹುದು, ಅವರ ಚಿತ್ರ ಸಾಧಾರಣವಾಗಿದ್ದರೂ ಚಿಂತೆಯಿಲ್ಲ. ಕೈ ಅಭ್ಯಾಸದಿಂದ ಪಳಗುತ್ತದೆ.

ಜೀವನೋಪಾಯದ ಮಾತನ್ನೂ ಮರೆಮಾಚಬಾರದು. 1972ರ ಅಧಿನಿಯಮದ ಪ್ರಕಾರ ನೋಂದಣಿ ಪಡೆದವರು ಮಾತ್ರವೇ ಆರ್ಕಿಟೆಕ್ಟ್ ಎಂದು ಹೆಸರಿಟ್ಟುಕೊಳ್ಳಬಹುದು. ಆದರೆ ಆ ಶಾಸನ ಕಾಪಾಡುವುದು ಹೆಸರನ್ನು. ಕೆಲಸವನ್ನು ಇತರರು ಮಾಡಕೂಡದೆಂದು ಅದು ತಡೆಯುವುದಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಎಂದರೆ, ಐದು ವರ್ಷ ಓದಿ ಬಂದವನು ಇಂಜಿನಿಯರರೊಡನೆಯೂ ಗುತ್ತಿಗೆದಾರರೊಡನೆಯೂ ಸ್ಪರ್ಧಿಸಬೇಕು. ಮನೆ ಕಟ್ಟಿಸುವವರಿಗೆ ತನ್ನ ಸಂಭಾವನೆ ಏತಕ್ಕೆಂಬುದನ್ನೇ ಮೊದಲು ತಿಳಿಯಹೇಳಬೇಕು. ಈ ಮಾತು ಸಂಕೋಚಸ್ವಭಾವದವರಿಗೆ ಪಾಠಕ್ಕಿಂತ ಕಠಿನ.

ಅರ್ಜಿ ಹಾಕುವ ಮುನ್ನ, ಬೇಸಗೆಯ ರಜೆಯಲ್ಲಿ ಪರಿಚಯದ ವಾಸ್ತುಶಿಲ್ಪಿಯೊಬ್ಬರ ಅನುಮತಿ ಪಡೆದು ಹತ್ತು ದಿನ ಅವರ ಹಿಂದೆ ತಿರುಗಾಡುವುದು ಒಳ್ಳೆಯದು. ಕಚೇರಿಯ ತಂಪಿನಲ್ಲಿ ಮಾತ್ರ ಕುಳಿತಿರಬಾರದು. ತಾರಸಿಗೆ ಕಾಂಕ್ರೀಟು ಹಾಕುವ ದಿನ ಬೆಳಗ್ಗೆಯೇ ಹೋಗಿ, ಮೇಸ್ತ್ರಿಯು ನಕ್ಷೆಯನ್ನು ಹೇಗೆ ಓದುತ್ತಾನೆಂಬುದನ್ನು ಅವನ ಪಕ್ಕದಲ್ಲಿ ನಿಂತು ನೋಡಬೇಕು.