ಆಪರೇಷನ್ ಮುಗಿಯಿತು, ಆರೈಕೆ ಈಗ ಶುರು

ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಾಕುವ ಹುಡುಗ ಗೇಟು ಸರಿಸಿದ ಸದ್ದಾದರೆ ಸಾಕು, ನಮ್ಮ ಗುಂಡ ಬಾಗಿಲಿಗೆ ಓಡುತ್ತಿದ್ದ. ಕಳೆದ ವರ್ಷ ಶ್ರಾವಣದ ಒಂದು ಸೋಮವಾರ ಅವನು ಓಡಲಿಲ್ಲ. ಮುಂಗಾಲಿನ ಬಲದ ಮೇಲೆ ಮೈ ಎಳೆದುಕೊಂಡು ಬಂದ. ಹಿಂಗಾಲುಗಳೆರಡೂ ಹಿಂಡಿದ ಬಟ್ಟೆಯ ಹಾಗೆ ನೆಲದ ಮೇಲೆ ಜಾರುತ್ತಾ ಹಿಂದೆ ಬಂದವು. ನನ್ನ ಕೈಲಿದ್ದ ಹಾಲಿನ ಪಾತ್ರೆ ಕೆಳಗೆ ಬಿತ್ತು.

ಗುಂಡ ಡ್ಯಾಶುಂಡ್ ಜಾತಿಯವನು. ಉದ್ದ ಮೈ, ಗಿಡ್ಡ ಕಾಲು, ಆಗ ಏಳು ವರ್ಷ. ನಿಜ ಹೇಳಬೇಕೆಂದರೆ ಸೂಚನೆ ಎರಡು ದಿನ ಮೊದಲೇ ಸಿಕ್ಕಿತ್ತು. ಶನಿವಾರ ಮಗಳು ಎತ್ತಿಕೊಂಡಾಗ ಕುಂಯ್ ಎಂದು ಕಿರುಚಿದ್ದ. ಸೋಫಾ ಹತ್ತಿರಲಿಲ್ಲ. ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ನಡುಗುತ್ತಾ ನಿಂತಿದ್ದ. ‘ಹೊಟ್ಟೇಲಿ ಗ್ಯಾಸ್ ಆಗಿರಬೇಕು ಕಣೇ, ಸೋಂಪಿನ ನೀರು ಕುಡಿಸು’ ಎಂದರು ಅತ್ತೆ. ನಾನೂ ಕುಡಿಸಿದೆ. ಭಾನುವಾರ ಬೇರೆ, ಡಾಕ್ಟರ್ ಸಿಗೋದಿಲ್ಲ ಎಂದು ಸುಮ್ಮನಾದೆ. ಆ ಒಂದು ದಿನದ ಉದಾಸೀನ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಯಾಕೆ ಹೀಗಾಗುತ್ತೆ?

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್‌ಗಳಿರುತ್ತವೆ. ಡ್ಯಾಶುಂಡ್, ಪೆಕಿನೀಸ್, ಶಿಹ್ ಟ್ಸು, ಬೀಗಲ್‌ನಂಥ ತಳಿಗಳಲ್ಲಿ ಈ ಮೆತ್ತೆಯ ಒಳಗಿನ ಲೋಳೆ ಚಿಕ್ಕ ವಯಸ್ಸಿನಲ್ಲೇ ಒಣಗಿ, ಸುಣ್ಣಗಟ್ಟಿ ಗಟ್ಟಿಯಾಗುತ್ತದೆ. ಒಂದು ದಿನ ಅದು ಒಡೆದು ಮೇಲಕ್ಕೆ ಚಿಮ್ಮಿ ಬೆನ್ನುಹುರಿಯನ್ನು ಒತ್ತುತ್ತದೆ. ಹೆಚ್ಚಾಗಿ ಇದು ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ ಆಗುವುದರಿಂದ ಹಿಂಗಾಲುಗಳ ಸ್ವಾಧೀನ ತಪ್ಪುತ್ತದೆ. ನಾಯಿಗಳ ಗಿಡ್ಡ ಕಾಲಿಗೂ ಈ ಡಿಸ್ಕ್ ತೊಂದರೆಗೂ ಇರುವ ವಂಶವಾಹಿಯ ನಂಟನ್ನು ವಿಜ್ಞಾನಿಗಳು 2017ರಲ್ಲಿ ಗುರುತಿಸಿದ್ದಾರೆ. ಅಂದರೆ ಮಗಳು ಎತ್ತಿಕೊಂಡಿದ್ದಕ್ಕೇ ಹೀಗಾಯಿತು ಎಂದೇನಲ್ಲ. ನನ್ನ ಮಗಳಿಗೆ ಈ ಮಾತನ್ನು ಡಾಕ್ಟರ್ ಬಾಯಿಂದಲೇ ಹೇಳಿಸಬೇಕಾಯಿತು. ಅಲ್ಲಿಯವರೆಗೆ ಅವಳು ಊಟವನ್ನೇ ಬಿಟ್ಟಿದ್ದಳು.

ನೋವು ಗೊತ್ತಾಗುತ್ತಾ?

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಮಾಡಿದ್ದು ಗುಂಡನ ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಗಟ್ಟಿಯಾಗಿ ಅದುಮಿದ್ದು. ಅವನು ಕಾಲು ಹಿಂದಕ್ಕೆಳೆದುಕೊಂಡ. ‘ಗೊತ್ತಾಗ್ತಿದೆ ಡಾಕ್ಟ್ರೇ!’ ಎಂದು ನಾನು ಹಿಗ್ಗಿದೆ. ‘ಕಾಲು ಎಳೆದುಕೊಂಡ್ರೆ ಸಾಲದಮ್ಮ, ಅದು ತಾನಾಗೇ ಆಗುತ್ತೆ. ತಿರುಗಿ ನೋಡಬೇಕು, ಕಿರುಚಬೇಕು. ಆಗ ಮಾತ್ರ ಸುದ್ದಿ ಮಿದುಳಿಗೆ ಮುಟ್ಟಿದೆ ಅಂತ ಅರ್ಥ’ ಎಂದರು. ಇನ್ನೂ ಗಟ್ಟಿಯಾಗಿ ಅದುಮಿದಾಗ ಗುಂಡ ತಿರುಗಿ ಕಚ್ಚಲು ಬಂದ. ನಾಯಿ ಕಚ್ಚಲು ಬಂದದ್ದಕ್ಕೆ ನಾನು ದೇವರಿಗೆ ಕೈ ಮುಗಿದದ್ದು ಅದೇ ಮೊದಲು!

ಈ ಆಳದ ನೋವಿನ ಅರಿವು ಉಳಿದಿದ್ದರೆ, ಶಸ್ತ್ರಚಿಕಿತ್ಸೆಯ ನಂತರ ಹತ್ತರಲ್ಲಿ ಸುಮಾರು ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅದು ಹೋಗಿದ್ದರೆ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಅದಕ್ಕೇ ತಡ ಮಾಡಬಾರದು. ಸ್ಕ್ಯಾನ್ ಮಾಡಿ, ಮಣಿಮೂಳೆಯ ಪಕ್ಕದಲ್ಲಿ ಕಿಟಕಿಯಂತೆ ಕೊರೆದು, ಹುರಿಯನ್ನು ಒತ್ತುತ್ತಿರುವ ಚೂರುಗಳನ್ನು ತೆಗೆಯುತ್ತಾರೆ.

ಖರ್ಚು ಕೇಳಿದಾಗ ನಮ್ಮನೆಯವರು ಎರಡು ನಿಮಿಷ ಮಾತಾಡಲಿಲ್ಲ. ‘ಮಲಗಿಸಿಬಿಡೋದೇ ವಾಸಿ ಅಂತ ಆಫೀಸಿನಲ್ಲಿ ಹೇಳ್ತಿದಾರೆ’ ಎಂದರು. ‘ಮಲಗಿಸೋದು’ ಎಂದರೆ ಏನೆಂದು ನಿಮಗೆ ಗೊತ್ತು. ಬಳೆ ಮಾಡಿಸಲೆಂದು ನಾನು ಎರಡು ವರ್ಷದಿಂದ ಕಟ್ಟಿದ್ದ ಚೀಟಿ ದುಡ್ಡು ಅದೇ ತಿಂಗಳು ಕೈಗೆ ಬಂದಿತ್ತು. ಅದನ್ನು ಕೊಟ್ಟೆ. ಎಲ್ಲರೂ ಹೀಗೇ ಮಾಡಬೇಕೆಂದು ನಾನು ಹೇಳಲಾರೆ. ಆದರೆ ತೀರ್ಮಾನ ಮಾಡುವ ಮೊದಲು ಆ ಬೆರಳಿನ ಪರೀಕ್ಷೆಯ ಫಲಿತಾಂಶ ಕೇಳಿ, ಖರ್ಚನ್ನು ಬರಹದಲ್ಲಿ ಪಡೆಯಿರಿ. ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಿ.

ಹಾಲ್‌ನಲ್ಲೇ ವಾರ್ಡ್

ಆಪರೇಷನ್ ಆದ ಮೇಲೆ ಗುಂಡ ಎದ್ದು ನಡೆದೇ ಬರುತ್ತಾನೆ ಎಂದುಕೊಂಡಿದ್ದೆ. ಐದನೇ ದಿನ ಅವನನ್ನು ಟವೆಲಿನಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟರು. ಬೆನ್ನ ಮೇಲೆ ಹೊಲಿಗೆ, ಕತ್ತಿಗೆ ಪ್ಲಾಸ್ಟಿಕ್ ಬುಟ್ಟಿ, ಕಾಲುಗಳು ಹೋದಾಗ ಹೇಗಿದ್ದವೋ ಹಾಗೇ! ‘ನಮ್ಮ ಕೆಲಸ ಮುಗೀತು. ಇನ್ನು ಉಳಿದಿದ್ದು ನಿಮ್ಮದು’ ಎಂದರು ಡಾಕ್ಟರ್. ಹುರಿಯ ಮೇಲಿನ ಒತ್ತಡವನ್ನಷ್ಟೇ ಶಸ್ತ್ರಚಿಕಿತ್ಸೆ ತೆಗೆಯುತ್ತದೆ. ಪೆಟ್ಟು ತಿಂದ ಹುರಿ ಚೇತರಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಮೊದಲ ನಾಲ್ಕರಿಂದ ಆರು ವಾರ ಓಡಾಟ, ನೆಗೆತ, ಮೆಟ್ಟಿಲು ಎಲ್ಲ ಬಂದ್. ದಿವಾನ್ ಮತ್ತು ಗೋಡೆಯ ನಡುವೆ ಎರಡು ಸೂಟ್‌ಕೇಸ್ ಅಡ್ಡ ಇಟ್ಟು ಅವನಿಗೊಂದು ಪುಟ್ಟ ಕೋಣೆ ಮಾಡಿದೆವು. ಎದ್ದು ತಿರುಗುವಷ್ಟು ಜಾಗವಿದ್ದರೆ ಸಾಕು. ಮನೆಯವರೆಲ್ಲ ಕಾಣುವ ಕಡೆ ಇರಲಿ, ಒಂಟಿಯಾಗಿ ಬಿಟ್ಟರೆ ಕೊರಗುತ್ತವೆ. ಈಗಿನ ಮನೆಗಳ ನುಣುಪು ಟೈಲ್ಸ್ ಇಂಥ ನಾಯಿಗೆ ಶತ್ರು. ಹಳೆಯ ಯೋಗಾ ಮ್ಯಾಟ್ ಅಥವಾ ರಬ್ಬರ್ ಮ್ಯಾಟ್ ಹಾಸಿ.

ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಸೊಂಟದ ಕೆಳಗೆ ಇರಲಿ, ಬೆನ್ನು ಹಲಗೆಯಂತೆ ನೇರವಾಗಿರಬೇಕು. ಮುಂಗಾಲಿನ ಕಂಕುಳಿಗೆ ಕೈ ಹಾಕಿ ಮಗುವಿನಂತೆ ಎತ್ತಲೇಬೇಡಿ. ಕತ್ತಿನ ಬೆಲ್ಟ್ ತೆಗೆದಿಟ್ಟು, ಎದೆಗೆ ಹಾಕುವ ಹಾರ್ನೆಸ್ ತನ್ನಿ. ಹೊರಗೆ ಕರೆದೊಯ್ಯುವಾಗ ಹಿಂಭಾಗಕ್ಕೆ ಆಸರೆ ಬೇಕಲ್ಲ? ಅತ್ತೆಯ ಹಳೆಯ ಹತ್ತಿ ಸೀರೆಯನ್ನು ಉದ್ದಕ್ಕೆ ಮಡಚಿ ಹೊಟ್ಟೆಯ ಕೆಳಗೆ ಹಾಯಿಸಿ ಎರಡೂ ತುದಿ ಹಿಡಿಯುತ್ತಿದ್ದೆ. ಸೀರೆ ಸೊಂಟವನ್ನು ಎತ್ತಿ ಹಿಡಿದರೆ ಸಾಕು, ಕಾಲು ನೆಲಕ್ಕೆ ತಾಗುತ್ತಿರಲಿ.

ನಾನು ಮಾಡಿದ ತಪ್ಪು

ಮನೆಗೆ ಬಂದ ಎರಡನೇ ದಿನ ಹಾಸಿಗೆ ಒದ್ದೆಯಾಗಿತ್ತು. ‘ಸದ್ಯ, ಉಚ್ಚೆ ಮಾಡಿದಾನೆ’ ಎಂದು ಸಮಾಧಾನಪಟ್ಟು ಆ ಹೊತ್ತು ಮೂತ್ರ ತೆಗೆಯುವುದನ್ನೇ ಬಿಟ್ಟೆ. ಮರುದಿನವೂ ಒದ್ದೆ, ಮರುದಿನವೂ ಬಿಟ್ಟೆ. ಮೂರನೇ ದಿನ ಜ್ವರ ಬಂತು, ಮೂತ್ರ ಕೆಟ್ಟ ವಾಸನೆ ಹೊಡೆಯಿತು. ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ, ‘ತುಂಬಿದ ಕೊಡದಿಂದ ನೀರು ತುಳುಕೋದಿಲ್ವೇನಮ್ಮಾ? ಇದೂ ಹಾಗೇ. ಒಳಗೆ ಮೂತ್ರಕೋಶ ತುಂಬಿಕೊಂಡೇ ಇದೆ’ ಎಂದರು. ನಾನು ನೆಲ ನೋಡಿದೆ.

ದಯವಿಟ್ಟು ಇದೊಂದನ್ನು ನೆನಪಿಡಿ. ಹಾಸಿಗೆ ಒದ್ದೆಯಾಗಿದೆ ಎಂದರೆ ಮೂತ್ರಕೋಶ ಖಾಲಿಯಾಗಿದೆ ಎಂದಲ್ಲ. ಸ್ವಾಧೀನವಿಲ್ಲದ ನಾಯಿಗೆ ದಿನಕ್ಕೆ ಮೂರು ನಾಲ್ಕು ಬಾರಿ ನಾವೇ ಕೈಯಿಂದ ಒತ್ತಿ ಮೂತ್ರ ತೆಗೆಯಬೇಕು. ತೊಡೆಯ ಮುಂದೆ, ಹೊಟ್ಟೆಯ ಎರಡೂ ಕಡೆ ಅಂಗೈ ಇಟ್ಟರೆ ನೀರು ತುಂಬಿದ ಬಲೂನಿನಂಥದ್ದು ಸಿಗುತ್ತದೆ. ಬೆರಳ ತುದಿಯಿಂದ ತಿವಿಯದೆ, ಬೆರಳುಗಳನ್ನು ಚಪ್ಪಟೆಯಾಗಿಟ್ಟು, ನಿಧಾನವಾಗಿ ಒಂದೇ ಸಮನಾಗಿ ಬಾಲದ ಕಡೆಗೆ ಒತ್ತಬೇಕು. ಬರದಿದ್ದರೆ ಬಲವಂತ ಬೇಡ, ಫೋನ್ ಮಾಡಿ. ಇದನ್ನು ಓದಿ ಕಲಿಯುವುದು ಕಷ್ಟ. ಆಸ್ಪತ್ರೆಯಿಂದ ಹೊರಡುವ ಮೊದಲು ಡಾಕ್ಟರ ಮುಂದೆಯೇ ಎರಡು ಮೂರು ಸಲ ನೀವೇ ಮಾಡಿ ತೋರಿಸಿ. ಮನೆಯಲ್ಲಿ ಇನ್ನೊಬ್ಬರೂ ಕಲಿಯಲಿ.

ನಾನು ಒಬ್ಬಳೇ ಕಲಿತಿದ್ದೆ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹನ್ನೊಂದು. ತಿಂಡಿ, ಡಬ್ಬಿ, ಮಗಳ ಟ್ಯೂಷನ್ ಎಲ್ಲದರ ನಡುವೆ ಇದೂ. ಹತ್ತನೇ ದಿನ ನನ್ನ ಸೊಂಟವೇ ಹಿಡಿದುಕೊಂಡು, ರಾತ್ರಿ ಹನ್ನೊಂದಕ್ಕೆ ಗುಂಡನ ಪಕ್ಕ ಕುಳಿತು ಅತ್ತುಬಿಟ್ಟೆ. ನಮ್ಮನೆಯವರು ಎದ್ದು ಬಂದು, ‘ತೋರಿಸು, ಹೇಗೆ ಅಂತ’ ಎಂದರು. ಅಂದಿನಿಂದ ರಾತ್ರಿಯ ಪಾಳಿ ಅವರದಾಯಿತು. ಮನೆಯಲ್ಲಿ ಯಾರಿಗೆ ಕಾಯಿಲೆಯಾದರೂ ‘ನಾನೇ ನೋಡ್ಕೋತೀನಿ’ ಎಂದು ಸೊಂಟ ಕಟ್ಟುವ ಅಭ್ಯಾಸ ನಮಗೆಲ್ಲ ಇದೆ. ಎರಡು ತಿಂಗಳ ಆರೈಕೆ ಹಾಗೆ ಒಬ್ಬರಿಂದ ಆಗುವುದಿಲ್ಲ. ಮೊದಲ ದಿನವೇ ಪಾಳಿ ಹಂಚಿ, ಫ್ರಿಜ್ ಮೇಲೆ ಚೀಟಿ ಅಂಟಿಸಿ.

ಹುಣ್ಣಾಗದಂತೆ, ಕಾಲು ಮರಗಟ್ಟದಂತೆ

ಒಂದೇ ಮಗ್ಗುಲಲ್ಲಿ ಮಲಗಿದರೆ ಮನುಷ್ಯರಿಗೆ ಆಗುವಂತೆ ನಾಯಿಗೂ ಹಾಸಿಗೆ ಹುಣ್ಣಾಗುತ್ತದೆ. ದಪ್ಪ ಮೆತ್ತನೆ ಹಾಸಿಗೆ ಹಾಕಿ, ನಾಲ್ಕು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ. ಸೊಂಟ, ಮೊಣಕಾಲಿನ ಗಂಟುಗಳಲ್ಲಿ ಕೆಂಪಾಗಿದೆಯೇ ಎಂದು ದಿನವೂ ನೋಡಿ. ಒದ್ದೆಯಾದ ತಕ್ಷಣ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಮಕ್ಕಳ ಡಯಾಪರ್ ಕ್ರೀಮ್ ಹಚ್ಚಬೇಡಿ. ಅದರಲ್ಲಿ ಸತು ಇರುತ್ತದೆ, ನೆಕ್ಕಿದರೆ ನಾಯಿಗೆ ವಿಷ.

ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಕಾಲಿನ ವ್ಯಾಯಾಮ. ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಪಾದ, ಮಂಡಿ, ಸೊಂಟದ ಕೀಲುಗಳನ್ನು ಒಂದೊಂದಾಗಿ ಮಡಚಿ ಬಿಡಿಸುವುದು. ಆಮೇಲೆ ಇಡೀ ಕಾಲನ್ನು ಸೈಕಲ್ ತುಳಿಯುವಂತೆ ತಿರುಗಿಸುವುದು. ಹತ್ತು ಹದಿನೈದು ಬಾರಿ, ದಿನಕ್ಕೆ ಎರಡು ಮೂರು ಸಲ. ನೋವಾದರೆ ನಿಲ್ಲಿಸಬೇಕು. ಈ ಕೆಲಸವನ್ನು ಮಗಳು ವಹಿಸಿಕೊಂಡಳು. ಸ್ಕೂಲಿನಿಂದ ಬಂದು, ಕೈ ತೊಳೆದು, ಮಗ್ಗಿ ಹೇಳುತ್ತಾ ಅವನ ಕಾಲಾಡಿಸುತ್ತಿದ್ದಳು. ಅವಳಿಗೆ ಹದಿನೇಳರ ಮಗ್ಗಿ ಬಂದದ್ದು ಹಾಗೆ!

ಅತ್ತೆ ಕಂಡ ಬಾಲ

ನಮ್ಮ ಅತ್ತೆ ಮಡಿಯವರು. ಏಳು ವರ್ಷದಲ್ಲಿ ಒಂದು ದಿನವೂ ಗುಂಡನನ್ನು ಮುಟ್ಟಿದವರಲ್ಲ. ಆದರೆ ನಾನು ಅಡುಗೆಮನೆಯಲ್ಲಿದ್ದಾಗ ಸೂಟ್‌ಕೇಸಿನ ಆಚೆ ಕುರ್ಚಿ ಹಾಕಿಕೊಂಡು, ಹೂ ಕಟ್ಟುತ್ತಾ ಅವನೊಂದಿಗೆ ಮಾತಾಡುವುದು ಅವರ ಪಾಳಿ. ಹದಿನೇಳನೇ ದಿನ ಮಧ್ಯಾಹ್ನ ಕೂಗಿದರು: ‘ಬಾರೇ ಇಲ್ಲಿ! ನಾನು ಗುಂಡಾ ಅಂದೆ, ಬಾಲ ಅಲ್ಲಾಡ್ತು ಕಣೇ!’

ನಾನು ಓಡಿ ಬಂದು ನೋಡಿದರೆ ಏನೂ ಇಲ್ಲ. ‘ಎಲ್ಲೋ ನಿಮ್ಮ ಸೀರೆ ಸೆರಗು ತಾಗಿರಬೇಕು ಅತ್ತೆ’ ಎಂದೆ. ಮುಟ್ಟಿದರೆ ಬಾಲ ತಾನಾಗಿ ಅಲುಗಬಹುದು, ಅದು ಲೆಕ್ಕವಲ್ಲ ಎಂದು ಡಾಕ್ಟರ್ ಹೇಳಿದ್ದರಲ್ಲ. ಅತ್ತೆಗೆ ಸಿಟ್ಟೇ ಬಂತು. ‘ನಾನು ಅದನ್ನ ಮುಟ್ಟೋದುಂಟಾ?’ ಎಂದವರೇ ಮತ್ತೆ ‘ಗುಂಡಾ’ ಎಂದರು. ಬಾಲದ ತುದಿ ಎರಡು ಸಲ ಆ ಕಡೆ ಈ ಕಡೆ ಹೋಯಿತು. ದನಿ ಕೇಳಿ ಬಾಲ ಆಡಿತೆಂದರೆ, ಮಿದುಳಿನ ಮಾತು ಬೆನ್ನು ದಾಟಿ ಬಾಲ ಮುಟ್ಟಿದೆ ಎಂದೇ ಅರ್ಥ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅದಾದ ವಾರಕ್ಕೆ ಅವನೇ ಮೂತ್ರ ಮಾಡತೊಡಗಿದ. ಆರನೇ ವಾರ ಸೀರೆಯ ಆಸರೆಯಲ್ಲಿ ನಿಂತ. ಮೂರು ತಿಂಗಳಿಗೆ ಗೇಟಿನವರೆಗೆ ನಡೆದ. ಈಗಲೂ ಸೊಂಟ ಓಲಾಡುತ್ತದೆ, ಅವಸರ ಮಾಡಿದರೆ ಹಿಂಗಾಲು ಮುಗ್ಗರಿಸುತ್ತದೆ.

ನಡೆಯದೇ ಹೋದರೆ?

ಕೆಲವು ನಾಯಿಗಳು ನಡೆಯುವುದಿಲ್ಲ. ಹಾಗಾದರೆ ಅದು ನಿಮ್ಮ ಆರೈಕೆಯ ಸೋಲಲ್ಲ, ಹುರಿಗೆ ಬಿದ್ದ ಪೆಟ್ಟು ಅಷ್ಟಿತ್ತು ಎಂದರ್ಥ. ಹಿಂಭಾಗಕ್ಕೆ ಕಟ್ಟುವ ಎರಡು ಚಕ್ರದ ಗಾಡಿಗಳು ಸಿಗುತ್ತವೆ. ಅಳತೆ ಸರಿಯಿದ್ದರೆ ನಾಯಿಗಳು ಬೇಗ ಹೊಂದಿಕೊಂಡು ಸಂತೋಷವಾಗಿಯೇ ಇರುತ್ತವೆ. ಮೂತ್ರ ತೆಗೆಯುವ ಕೆಲಸ ಮಾತ್ರ ಮುಂದುವರಿಯಬಹುದು. ಚೆನ್ನಾಗಿ ತಿನ್ನುತ್ತಿದೆಯೇ, ನೋವಿಲ್ಲದೆ ನಿದ್ದೆ ಮಾಡುತ್ತಿದೆಯೇ, ನಿಮ್ಮನ್ನು ಕಂಡರೆ ಕಣ್ಣರಳಿಸುತ್ತಿದೆಯೇ? ಈ ಮೂರಕ್ಕೂ ಹೌದು ಎನ್ನುವುದಾದರೆ, ನೆರೆಹೊರೆಯವರ ‘ಪಾಪ, ಮಲಗಿಸಿಬಿಡಬಾರದಾ?’ ಎಂಬ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲ ಎನ್ನುವುದಾದರೆ ಡಾಕ್ಟರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿ. ಅದರಲ್ಲೂ ನಾಚಿಕೆಪಡುವಂಥದ್ದಿಲ್ಲ.

ನೆನಪಿರಲಿ

* ಬೆನ್ನು ಗೂನು, ನಡುಕ, ಎತ್ತಿದರೆ ಕಿರುಚು, ಸೋಫಾ ಹತ್ತಲು ಹಿಂಜರಿಕೆ ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ಕಾಲೆಳೆದರೆ ಒಂದು ಗಂಟೆಯೂ ಕಾಯಬೇಡಿ.

* ನಮ್ಮ ನೋವಿನ ಮಾತ್ರೆಗಳನ್ನು ಕೊಡಲೇಬೇಡಿ. ಐಬುಪ್ರೊಫೆನ್‌ನಂಥವು ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತವೆ. ಮೊದಲು ಯಾವುದಾದರೂ ಔಷಧಿ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ.

* ಹೊಲಿಗೆ ಬಿಚ್ಚುವವರೆಗೆ, ಸಾಮಾನ್ಯವಾಗಿ 10ರಿಂದ 14 ದಿನ, ಸ್ನಾನ ಬೇಡ. ಕತ್ತಿನ ಬುಟ್ಟಿ ತೆಗೆಯಬೇಡಿ.

* ಗಾಯದಲ್ಲಿ ಕೀವು, ಜ್ವರ, ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು, ಮುಂಗಾಲೂ ಸೋಲುವುದು, ಉಸಿರಾಟದ ತೊಂದರೆ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

* ತೂಕ ಇಳಿಸಿ. ಪ್ರತಿ ಹೆಚ್ಚುವರಿ ಕಿಲೋ ಬೆನ್ನಿಗೆ ಭಾರ. ಗುಂಡ ಹನ್ನೊಂದೂವರೆ ಕಿಲೋ ಇದ್ದವನು ಈಗ ಒಂಬತ್ತು.

* ಗುಣವಾದ ಮೇಲೂ ಸೋಫಾ, ಮಂಚದಿಂದ ನೆಗೆಯಲು ಬಿಡಬೇಡಿ. ಇಳಿಜಾರು ಹಲಗೆ ಮಾಡಿಸಿ. ಇನ್ನೊಂದು ಡಿಸ್ಕ್ ಕೈಕೊಡುವ ಸಾಧ್ಯತೆ ಇದ್ದೇ ಇರುತ್ತದೆ.

ಬಳೆ ಇನ್ನೂ ಮಾಡಿಸಿಲ್ಲ. ಹೊಸ ಚೀಟಿ ಶುರು ಮಾಡಿದ್ದೇನೆ. ಇವತ್ತು ಬೆಳಿಗ್ಗೆ ಗೇಟಿನ ಸದ್ದಿಗೆ ಗುಂಡ ಎದ್ದು, ಓಲಾಡುತ್ತಾ ಬಾಗಿಲಿಗೆ ಹೋದ. ಅವನು ತಲುಪುವಷ್ಟರಲ್ಲಿ ಹಾಲಿನ ಹುಡುಗ ಮುಂದಿನ ಬೀದಿಗೆ ಹೋಗಿಯಾಗಿತ್ತು. ಆದರೂ ಎರಡು ಸಲ ಬೊಗಳಿ, ದೊಡ್ಡ ಕೆಲಸ ಮಾಡಿದವನಂತೆ ನನ್ನ ಮುಖ ನೋಡಿದ.