ಹಬೆ ಸಿಗದಿದ್ದರೆ ನಷ್ಟ ಯಾರದು?

ಬೋರ್‌ವೆಲ್ ಕೊರೆಸಿದವರಿಗೆ ಈ ಸಂಕಟ ಗೊತ್ತು: ನೀರು ಬರಲಿ ಬಿಡಲಿ, ರಿಗ್ಗಿನವರಿಗೆ ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಲೇಬೇಕು. ಭೂಶಾಖದಿಂದ ವಿದ್ಯುತ್ ತೆಗೆಯಹೊರಟವರ ಮೊದಲ ತೊಡಕೂ ಇದೇ. ಅಲ್ಲಿ ಬಾವಿ ಎರಡು ಮೂರು ಕಿಲೋಮೀಟರ್ ಆಳಕ್ಕಿಳಿಯುತ್ತದೆ. ಒಂದೊಂದಕ್ಕೂ ಹತ್ತಾರು ಕೋಟಿ ರೂಪಾಯಿ. ಬಂಡೆ ಬಿಸಿಯಿದ್ದರೆ ಸಾಲದು, ಬಿಸಿನೀರು ಹರಿದಾಡಲು ಬಿರುಕುಗಳೂ ಬೇಕು. ಅವು ಇವೆಯೋ ಇಲ್ಲವೋ ಎಂಬುದು ಖಚಿತವಾಗುವುದು ಕೊರೆದ ಮೇಲೆಯೇ. ಹಬೆ ಕಾಣದೆ ಬ್ಯಾಂಕುಗಳು ಸಾಲಕ್ಕೆ ಒಪ್ಪುವುದು ಅಪರೂಪ. ಸರ್ಕಾರಗಳು ಉತ್ಸಾಹದಿಂದ ಘೋಷಿಸುವ ತೆರಿಗೆ ರಜೆ ಲಾಭ ಬಂದವರಿಗೆ ಸರಿ; ಬಾವಿ ಬರಿದಾದವರಿಗೆ ಅದರಿಂದ ಏನು ಬಂತು?

ಈ ಗಂಟು ಬಿಡಿಸಲು ಬಹಳ ಹೆಣಗಿದ ದೇಶ ಕೀನ್ಯಾ. ರಿಫ್ಟ್ ಕಣಿವೆಯ ಓಲ್ಕಾರಿಯಾದಲ್ಲಿ 1981ರಲ್ಲಿ 15 ಮೆಗಾವಾಟ್‌ನ ಮೊದಲ ಘಟಕ ನಡೆಸಿದ್ದು ಸರ್ಕಾರಿ ಕಂಪನಿ. 1982ರಲ್ಲಿ ಭೂಶಾಖಕ್ಕೆಂದೇ ಕಾಯ್ದೆ ಬಂತು. ಆದರೂ ಖಾಸಗಿಯವರು ಸಾಲುಗಟ್ಟಲಿಲ್ಲ. 2000ದಲ್ಲಿ ಓಲ್ಕಾರಿಯಾದಲ್ಲೇ ವಿದ್ಯುತ್ ತಯಾರಿಸತೊಡಗಿದ ಅಮೆರಿಕದ ಓರ್ಮ್ಯಾಟ್ ಕಾಲಿಟ್ಟದ್ದು, ಸರ್ಕಾರಿ ಬಾವಿಗಳು ಆಗಲೇ ಹಬೆ ತೋರಿಸಿದ್ದ ಜಾಗಕ್ಕೆ.

ಕೀನ್ಯಾ ಇದರಿಂದ ಪಾಠ ಕಲಿಯಿತು. 2008ರಲ್ಲಿ ಭೂಶಾಖ ಅಭಿವೃದ್ಧಿ ಕಂಪನಿಯನ್ನು ಸ್ಥಾಪಿಸಿತು. ಕೊರೆಯುವ ಖರ್ಚು, ಬಾವಿ ವಿಫಲವಾದರೆ ಆಗುವ ನಷ್ಟ ಎರಡೂ ಈ ಸರ್ಕಾರಿ ಸಂಸ್ಥೆಯದು. ಖಾಸಗಿಯವರು ಸ್ಥಾವರ ಕಟ್ಟಿ, ಹಬೆಯನ್ನು ಬೆಲೆ ಕೊಟ್ಟು ಕೊಳ್ಳಬೇಕು. ಜನರ ಹಣದಲ್ಲಿ ಕಂಪನಿಗಳಿಗೆ ಹಾದಿ ಹಾಸುವುದೇಕೆ ಎಂಬ ಆಕ್ಷೇಪ ಸಹಜ. ಆದರೆ ಹಬೆ ಪುಕ್ಕಟೆಯಲ್ಲವಲ್ಲ. ಹಾಕಿದ್ದರಲ್ಲಿ ಒಂದಷ್ಟು ವಾಪಸು ಬರುವ ದಾರಿ ಇದು, ಬರೀ ಸಬ್ಸಿಡಿಗಿಂತ ವಾಸಿ.

ಇಷ್ಟಾಗಿಯೂ ನಕುರು ಬಳಿಯ ಮೆನೆಂಗಾಯಿಯಲ್ಲಿ ಕೆಲಸ ತೆವಳಿತು. ತಲಾ 35 ಮೆಗಾವಾಟ್‌ನಂತೆ ಮೂರು ಖಾಸಗಿ ಘಟಕಗಳು ಏಳಬೇಕಿತ್ತು. ಬಾವಿಗಳಲ್ಲಿ ಹಬೆಯಿತ್ತು, ಕಂಪನಿಗಳನ್ನೂ ಆರಿಸಿಯಾಗಿತ್ತು. ಸಾಲ ಕೊಡುವವರ ಅಂಜಿಕೆ ಮಾತ್ರ ಬೇರೆ ಕಡೆಗೆ ಹೊರಳಿತು: ಹಬೆ ಮಾರುವುದೂ ಸರ್ಕಾರಿ ಸಂಸ್ಥೆ, ವಿದ್ಯುತ್ ಕೊಳ್ಳುವುದೂ ಸರ್ಕಾರದ ಹಿಡಿತದ ಕಂಪನಿ, ಒಂದು ಕೈಕೊಟ್ಟರೆ ಗತಿಯೇನು? ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿನ ಖಾತರಿ ಬೇಕಾಯಿತು. ಮೊದಲ ಘಟಕ ಗ್ರಿಡ್ ಸೇರಿದ್ದು 2023ರಲ್ಲಿ. ಕೊರೆಯುವ ಅಪಾಯದಷ್ಟೇ ಬಿಲ್ ಪಾವತಿಯ ಭಯವೂ ಬಂಡವಾಳವನ್ನು ತಡೆಯುತ್ತದೆ. ನೀತಿ ಬರೆಯುವವರು ಬಹುಮಟ್ಟಿಗೆ ಎಡವುವುದು ಇಲ್ಲೇ.

ಆಫ್ರಿಕನ್ ಒಕ್ಕೂಟ 2012ರಲ್ಲಿ ಜರ್ಮನಿಯ ನೆರವಿನಿಂದ ಆರಂಭಿಸಿದ ನಿಧಿಯದು ಇನ್ನೊಂದು ಬಗೆ. ಪೂರ್ವ ಆಫ್ರಿಕಾದ ದೇಶಗಳಲ್ಲಿ ಮೇಲ್ಮೈ ಸಮೀಕ್ಷೆಯ ವೆಚ್ಚದಲ್ಲಿ ಶೇ. 80ರವರೆಗೆ, ಪರೀಕ್ಷಾ ಬಾವಿಯದರಲ್ಲಿ ಶೇ. 40ರವರೆಗೆ ಅದು ಭರಿಸುತ್ತದೆ. ಉಳಿದದ್ದು ಕಂಪನಿಯ ಜೇಬಿನಿಂದ. ಹಾಗಾಗಿ ಕಂಡಕಂಡಲ್ಲಿ ಕೊರೆಯುವ ಹುಮ್ಮಸ್ಸಿಗೂ ಕಡಿವಾಣ.

ಭಾರತ ತನ್ನ ರಾಷ್ಟ್ರೀಯ ಭೂಶಾಖ ನೀತಿಯನ್ನು ಪ್ರಕಟಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಖಾಸಗಿಯವರಿಗೆ ಅದು ಬಾಗಿಲು ತೆರೆದಿದೆ. ಸದ್ಯ ಲಡಾಖ್‌ನ ಪುಗಾ ಕಣಿವೆಯಲ್ಲಿ ಕೊರೆಯುವ ಹೊಣೆ ಹೊತ್ತಿರುವುದು ಸಾರ್ವಜನಿಕ ವಲಯದ ಒಎನ್‌ಜಿಸಿ.